ಬಸವಪುರಾಣವನ್ನು ಕಲ್ಲಚ್ಚಿಗೆ ತಂದ ಪಾದ್ರಿ ಹರ್ಮನ್ ಮೊಗ್ಲಿಂಗ್

ಶ್ರಾವಣಮಾಸದಲ್ಲಿ ಹೆಡತಲೆ, ನಂಜನಗೂಡು, ತಿರುಮಕೂಡಲು ಸೀಮೆಯ ಭಕ್ತರು ಶರಣರ ಚರಿತ್ರೆಯನ್ನು ಕೇಳಲು ಸೇರುವುದು ವಾಡಿಕೆ. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವು ಶತಮಾನಗಳ ಕಾಲ ಓಲೆಗರಿಯ ಕಟ್ಟುಗಳಲ್ಲಿ, ಮಠ ಮತ್ತು ಮನೆತನಗಳ ಪೆಟ್ಟಿಗೆಗಳಲ್ಲಿ ಉಳಿದುಬಂದ ಗ್ರಂಥ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದನ್ನು ಅಚ್ಚಿನ ಹಾಳೆಗೆ ತಂದವರು ನಮ್ಮ ಸಮಾಜದವರಲ್ಲ. ನಮ್ಮ ನಾಡಿನ ಯುವಕರನ್ನು ಕ್ರೈಸ್ತಮತಕ್ಕೆ ಕರೆದೊಯ್ಯುವ ಸಂಕಲ್ಪದಿಂದ ಜರ್ಮನಿಯಿಂದ ಬಂದ ಒಬ್ಬ ಪಾದ್ರಿ. ಅವರೇ ಹರ್ಮನ್ ಫ್ರೆಡ್ರಿಕ್ ಮೊಗ್ಲಿಂಗ್.

ಮೊಗ್ಲಿಂಗ್ ಅವರು 1811ರ ಮೇ 29ರಂದು ವುರ್ಟೆಂಬರ್ಗ್ ಪ್ರಾಂತದ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಜನಿಸಿದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರವನ್ನು ಅಭ್ಯಸಿಸಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯನ್ನು ಸೇರಿ, 1836ರಲ್ಲಿ ಭಾರತಕ್ಕೆ ಬಂದರು. ಆ ಸಂಸ್ಥೆಯವರು ಮಂಗಳೂರಿನಲ್ಲಿ ನೆಲೆಯೂರಿ ಆಗಿನ್ನೂ ಎರಡು ವರ್ಷವಾಗಿತ್ತು. ತಾಯ್ನಾಡಿನಲ್ಲಿ ಕಲಿತ ವಿದ್ಯೆಯೆಲ್ಲ ಇಲ್ಲಿ ಕನ್ನಡವಿಲ್ಲದೆ ವ್ಯರ್ಥವೆಂಬುದನ್ನು ಅವರು ಬೇಗ ಮನಗಂಡರು.

ಮಂಗಳೂರಿನಲ್ಲಿ ಅವರು ಹಿಡಿದ ಕೆಲಸ ಹುಡುಗರ ಶಿಕ್ಷಣ. ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆ 1838ರಲ್ಲಿ ಅಲ್ಲಿ ಆರಂಭವಾಯಿತು. ಕ್ರೈಸ್ತ ಬಾಲಕರಿಗಾಗಿ ನಡೆದ ವಸತಿಶಾಲೆಯಲ್ಲಿ ಮೊಗ್ಲಿಂಗ್ ಹುಡುಗರ ಜೊತೆಯಲ್ಲಿಯೇ ವಾಸಿಸಿ ಅವರ ಊಟವನ್ನೇ ಉಂಡರು. ಬಿಳಿಯ ದೊರೆ ಬಂಗಲೆಯಲ್ಲಿ, ಶಿಷ್ಯ ಹೊರಜಗಲಿಯಲ್ಲಿ ಎಂಬ ಅಂದಿನ ಕ್ರಮ ಅವರಿಗೆ ಸಲ್ಲದಾಗಿತ್ತು. ನಮ್ಮ ಮಠಗಳ ಪ್ರಸಾದನಿಲಯಗಳಲ್ಲಿ ಬೆಳೆದವರಿಗೆ ಈ ಬಗೆಯ ಗುರುಶಿಷ್ಯರ ಸಹವಾಸದ ಬಲ ಎಂಥದೆಂದು ವಿವರಿಸಬೇಕಾಗಿಲ್ಲ. ಆ ಬಲಕ್ಕೆ ಇನ್ನೊಂದು ಮುಖವೂ ಇತ್ತು.

1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಇಬ್ಬರು ಗೆಳೆಯರೊಡನೆ ದೀಕ್ಷಾಸ್ನಾನ ಪಡೆದನು. ಆಗ ಅವನಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಊರು ಕ್ಷೋಭೆಗೊಂಡಿತು. ಹಿಂದೂ ಕುಟುಂಬಗಳು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡವು. ಅಕ್ಷರ ಕಲಿಯಲೆಂದು ಕಳುಹಿಸಿದ ಮಗ ಕುಲ, ಮನೆ, ಪೂಜೆಗಳನ್ನು ತೊರೆದು ಹೊರನಡೆದಾಗ ಹೆತ್ತವರ ಎದೆಯಲ್ಲಿ ಏನಾಗಿರಬೇಕು! ಮಿಷನ್ನಿನವರು ಅದನ್ನು ವಿಜಯವೆಂದು ಕಂಡರು. ನಾವು ಹಾಗೆ ಕಾಣಲಾರೆವು. ಆದರೆ ಕೌಂಡಿನ್ಯನನ್ನು ಮರುಳಾದ ಹುಡುಗನೆಂದು ತಳ್ಳಿಹಾಕುವುದೂ ನ್ಯಾಯವಲ್ಲ. 1846ರಲ್ಲಿ ಗುರುವಿನೊಡನೆ ಬಾಸೆಲ್‌ಗೆ ಹೋಗಿ, ಅಲ್ಲಿ ವರ್ಷಗಟ್ಟಲೆ ವ್ಯಾಸಂಗ ಮಾಡಿ, ಪಾದ್ರಿಯಾಗಿ ಹಿಂದಿರುಗಿ, ಬಾಳಿನ ಕೊನೆಯವರೆಗೂ ಆರಿಸಿಕೊಂಡ ಹಾದಿಯಲ್ಲಿಯೇ ನಡೆದ ವ್ಯಕ್ತಿ ಆತ.

ಈ ಕ್ಷೋಭೆಗೆ ಕೆಲವು ತಿಂಗಳ ಹಿಂದೆ, 1843ರ ಜುಲೈ 1ರಂದು, ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಹೊರತಂದಿದ್ದರು. ಕನ್ನಡದ ಮೊದಲ ಪತ್ರಿಕೆಯೆಂದು ನಾವೆಲ್ಲ ಗೌರವಿಸುವುದು ಇದನ್ನೇ. ಆ ದಿನವೇ ಇಂದು ಪತ್ರಿಕಾ ದಿನ. ಪಕ್ಷಕ್ಕೊಮ್ಮೆ ನಾಲ್ಕು ಪುಟ, ಬೆಲೆ ಒಂದು ದುಡ್ಡು. ಊರ ವರ್ತಮಾನ, ಸರಕಾರದ ನಿರೂಪ, ದೂರದೇಶಗಳ ಸುದ್ದಿ, ಕಥೆ, ಹಾಡು ಎಲ್ಲವೂ ಅದರಲ್ಲಿದ್ದವು. ಶಾಲೆಗೆ ಬಾರದವನಿಗೂ ಓದಲು ಏನಾದರೂ ಬೇಕೆಂಬುದು ಅವರ ಎಣಿಕೆ. ಮರುವರ್ಷ ಅದು ಬಳ್ಳಾರಿಯ ಮುದ್ರಣಾಲಯಕ್ಕೆ ಹೋಗಿ ‘ಕನ್ನಡ ಸಮಾಚಾರ’ವಾಯಿತು.

ಮಂಗಳೂರಿನಲ್ಲಿ ಪತ್ರಿಕೆ ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಲಿಪಿಕಾರನು ಜಿಡ್ಡಿನ ಮಸಿಯಿಂದ ಬರೆದುದನ್ನು ನುಣುಪಾದ ಕಲ್ಲಿನ ಮೇಲಿಳಿಸಿ, ಕಲ್ಲನ್ನು ನೀರಿನಿಂದ ತೋಯಿಸಿ ಶಾಯಿ ಸವರಿದರೆ, ಶಾಯಿ ಬರಹಕ್ಕೆ ಮಾತ್ರ ಅಂಟುತ್ತದೆ. ಕನ್ನಡದ ಒತ್ತಕ್ಷರಗಳಿಗೆ ಸೀಸದ ಮೊಳೆಗಳನ್ನು ಎರಕಹೊಯ್ಯುವುದು ಕಷ್ಟವಾಗಿದ್ದ ಕಾಲದಲ್ಲಿ ಕೈಬರಹವೇ ನೇರವಾಗಿ ಅಚ್ಚಾಗುವ ಈ ವಿಧಾನ ವರವಾಯಿತು.

ಇದೇ ವಿಧಾನದಲ್ಲಿ 1848ರಿಂದ ಮುಂದಿನ ಕೆಲವು ವರ್ಷಗಳಲ್ಲಿ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆ ಹೊರಬಂದಿತು. ಅದರ ವೆಚ್ಚವನ್ನು ಹೊತ್ತವರು ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ನಂಜನಗೂಡಿನಿಂದ ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಸಿಗುವ ನೀಲಗಿರಿಯ ಕೇತಿಯಲ್ಲಿ ಅವರು ನೆಲೆಸಿದ್ದರು. ಮೊಗ್ಲಿಂಗ್ ಹಸ್ತಪ್ರತಿಗಳನ್ನು ಹುಡುಕಿ ತರಿಸಿ, ಪಂಡಿತರ ನೆರವಿನಿಂದ ಸಿದ್ಧಪಡಿಸಿದರು. ಜೈಮಿನಿ ಭಾರತ, ದಾಸರ ಪದಗಳು, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ, ಹೀಗೆ ವೈಷ್ಣವ, ವೀರಶೈವವೆಂಬ ಭೇದವಿಲ್ಲದೆ ಗ್ರಂಥಗಳು ಒಂದೇ ಮಾಲೆಯಲ್ಲಿ ಬೆಳಕು ಕಂಡವು.

ಉದ್ದೇಶವೇನು? ಕನ್ನಡಿಗರಿಗೆ ಬೋಧಿಸಲು ಬಂದವನು ಮೊದಲು ಕನ್ನಡಿಗರ ಮನಸ್ಸನ್ನು ಓದಿರಬೇಕೆಂಬುದು ಒಂದು. ಆದರೆ ಎದುರಾಳಿಯ ಮತವನ್ನು ಖಂಡಿಸುವುದಷ್ಟೇ ಗುರಿಯಾಗಿದ್ದರೆ ಸಾರಾಂಶ ಬರೆದುಕೊಂಡರೆ ಸಾಕಿತ್ತು. ಸಾವಿರಾರು ಷಟ್ಪದಿಗಳನ್ನು ಕಲ್ಲಿನ ಮೇಲೆ ಬರೆಯಿಸುವ ಶ್ರಮ ಬೇಕಿರಲಿಲ್ಲ. ಕಾವ್ಯದ ರುಚಿ ಹತ್ತಿದವನ ಕೆಲಸವಿದು ಎಂದೇ ನಮ್ಮ ಭಾವನೆ. ಮುಂದೆ 1860ರ ದಶಕದಲ್ಲಿ ವುರ್ತ್ ಎಂಬ ಇನ್ನೊಬ್ಬ ಬಾಸೆಲ್ ಪಾದ್ರಿ ಈ ಎರಡು ಪುರಾಣಗಳನ್ನು ಇಂಗ್ಲಿಷಿಗೆ ತಂದು ಮುಂಬಯಿಯ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದರು.

ಒಂದು ಕೊರತೆಯನ್ನು ಹೇಳಲೇಬೇಕು. ಮೊಗ್ಲಿಂಗ್ ಅವರ ಮಾಲೆಗೆ ಬಂದದ್ದು ಪುರಾಣದ ಬಸವಣ್ಣ, ಪವಾಡಗಳ ಬಸವಣ್ಣ. ಕಾಯಕ, ದಾಸೋಹಗಳನ್ನು ಸಾರಿದ, ಕುಲದ ಹೆಮ್ಮೆಯನ್ನು ನೇರವಾಗಿ ಪ್ರಶ್ನಿಸಿದ ವಚನಗಳು ಆ ಮಾಲೆಯಲ್ಲಿಲ್ಲ. ಹೊಲೆಯ, ಬ್ರಾಹ್ಮಣ ಎನ್ನದೆ ಎಲ್ಲರನ್ನೂ ಒಂದು ಪಂಕ್ತಿಯಲ್ಲಿ ಕೂರಿಸಬೇಕೆಂದು ಹಂಬಲಿಸಿದ ಆ ಪಾದ್ರಿಗೆ, ಅದೇ ಹಂಬಲ ಏಳುನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕನ್ನಡದಲ್ಲಿಯೇ ನುಡಿಗೊಂಡಿತ್ತೆಂಬುದು ವಚನಗಳ ಮೂಲಕ ತಿಳಿದಿದ್ದರೆ! ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಪ್ರಕಟಿಸಿದ್ದು 1923ರಲ್ಲಿ. ಅಲ್ಲಿಯವರೆಗೆ ನಮ್ಮವರೇ ಬಹುಪಾಲು ಆ ಕಟ್ಟುಗಳನ್ನು ಬಿಚ್ಚಿರಲಿಲ್ಲವಾದ್ದರಿಂದ ಹೊರಗಿನವರನ್ನು ದೂರುವುದು ತರವಲ್ಲ.

1853ರಿಂದ ಮೊಗ್ಲಿಂಗ್ ಕೊಡಗಿನಲ್ಲಿ ದುಡಿದರು. ಅಲ್ಲಿ ಒಡೆಯರ ಜೀತಕ್ಕೆ ಬಿದ್ದಿದ್ದ ಹೊಲೆಯ ಕುಟುಂಬಗಳು ಅವರ ಬಳಿ ಬಂದವು. ಕ್ರೈಸ್ತರಾದವರಿಗಾಗಿ ಆನಂದಪುರವೆಂಬ ಊರು ಕಟ್ಟಲ್ಪಟ್ಟಿತು. ನೆಲ, ಅಕ್ಷರ, ತಲೆಯೆತ್ತಿ ನಿಲ್ಲುವ ಅವಕಾಶ ಸಿಕ್ಕಿದ ಕಡೆಗೆ ಆ ಜನರು ನಡೆದರು. ನಮ್ಮ ಸಮಾಜವು ಅವರಿಗೆ ಅದನ್ನು ಏಕೆ ಕೊಡಲಿಲ್ಲ ಎಂಬ ಪ್ರಶ್ನೆ ಪಾದ್ರಿಗಳಿಗೆ ಕೇಳುವಂಥದ್ದಲ್ಲ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠವು ವಿದ್ಯಾಪೀಠವನ್ನು ಸ್ಥಾಪಿಸಿದ್ದು 1954ರಲ್ಲಿ. ಆನಂದಪುರಕ್ಕೂ ಅದಕ್ಕೂ ನಡುವೆ ಸುಮಾರು ನೂರು ವರ್ಷಗಳಿವೆ.

ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1858ರಲ್ಲಿ, ಕನ್ನಡಕ್ಕೆ ಸಲ್ಲಿಸಿದ ಸೇವೆಗಾಗಿ, ಮೊಗ್ಲಿಂಗ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕೆಲವೇ ವರ್ಷಗಳಲ್ಲಿ ಅವರು ಸ್ವದೇಶಕ್ಕೆ ಮರಳಿದರು; ಮತ್ತೆ ಕನ್ನಡನಾಡನ್ನು ಕಾಣಲಿಲ್ಲ. 1881ರ ಮೇ 10ರಂದು ಎಸ್ಲಿಂಗೆನ್ ಪಟ್ಟಣದಲ್ಲಿ ದೇಹಬಿಟ್ಟರು. ಅವರ ಕಿರಿಯ ಸಹೋದ್ಯೋಗಿಯಾಗಿ ಬಂದಿದ್ದ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು 70,000 ಪದಗಳಿವೆ. ಪದಗಳಿಗೆ ಆಧಾರವಾಗಿ ಹೆಸರಿಸಿದ ಗ್ರಂಥಗಳ ಸಾಲಿನಲ್ಲಿ ಬಸವಪುರಾಣವೂ ಇದೆ.