ಒಂದೇ ಕೈಯ ಭಿಕ್ಖು

ಇಂದಿನ ಧಮ್ಮ ಚಿಂತನೆ



ಚೀನಾದ ಶಾವೊಲಿನ್ ವಿಹಾರದ ಭಿಕ್ಖುಗಳು ಎದೆಯ ಮುಂದೆ ಒಂದೇ ಅಂಗೈ ಎತ್ತಿ ವಂದಿಸುವುದನ್ನು ಸಿನಿಮಾಗಳಲ್ಲಿ ನೋಡಿರುತ್ತೀರಿ. ಅದು ಒಂದೇ ಕೈಯಿದ್ದ ಭಿಕ್ಖು ಹುಯಿಕೆಗೆ ಸಲ್ಲಿಸುವ ಗೌರವ ಎಂದು ಅಲ್ಲಿ ಹೇಳುತ್ತಾರೆ. ಹುಯಿಕೆ 6ನೇ ಶತಮಾನದವರು. ಚೀನೀ ಶಾಸ್ತ್ರಗಳನ್ನು ಚೆನ್ನಾಗಿ ಓದಿಕೊಂಡಿದ್ದವರು. ಸುಮಾರು 40ನೇ ವಯಸ್ಸಿನಲ್ಲಿ, ದಕ್ಷಿಣ ಭಾರತದಿಂದ ಹೋಗಿದ್ದ ಬೋಧಿಧರ್ಮರ ಶಿಷ್ಯರಾದರು.

ಅವರ ಕೈ ಹೋದದ್ದು ಹೇಗೆ? ಎಲ್ಲರೂ ಹೇಳುವ ಕಥೆ ಇದು: ರಾತ್ರಿಯಿಡೀ ಹಿಮದಲ್ಲಿ ನಿಂತರೂ ಗುರು ಒಪ್ಪಲಿಲ್ಲ, ಹುಯಿಕೆ ತಮ್ಮ ಎಡಗೈಯನ್ನೇ ಕತ್ತರಿಸಿ ಮುಂದಿಟ್ಟರು. ಇದನ್ನು ಓದಿದಾಗಲೆಲ್ಲ ನನಗೆ ಏಕಲವ್ಯನ ಹೆಬ್ಬೆರಳು ನೆನಪಾಗುತ್ತದೆ. ಬೋಧಿಧರ್ಮರು ದ್ರೋಣನಂತೆ ಬಾಯಿಬಿಟ್ಟು ಕೇಳಲಿಲ್ಲ, ನಿಜ. ಆದರೂ ಅಂಗುಲಿಮಾಲನ ಕೈಯಿಂದ ಕತ್ತಿ ಬಿಡಿಸಿದ ಬುದ್ಧರ ದಾರಿಯಲ್ಲಿ ಕಲಿಯಲು ಬಂದವನು ಕತ್ತಿ ಹಿಡಿಯಬೇಕೇ? ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರು ಕೊಟ್ಟ ಅಳತೆಗೋಲು ವಿಚಾರ ಮತ್ತು ಮನುಷ್ಯನ ಹಿತ. ಈ ಕಥೆ ಅದರಲ್ಲಿ ನಿಲ್ಲುವುದಿಲ್ಲ ಎಂದು ನನ್ನ ಭಾವನೆ.

7ನೇ ಶತಮಾನದಲ್ಲಿ ಭಿಕ್ಖು ದಾವ್‌ಶ್ವಾನ್ ಬರೆದ ಹಳೆಯ ಚರಿತ್ರೆ ಬೇರೆಯೇ ಹೇಳುತ್ತದೆ. ಹುಯಿಕೆ ಯೆ ನಗರದಲ್ಲಿ ಬೋಧಿಸಲು ಹೋದಾಗ, ಸಾವಿರ ಶಿಷ್ಯರಿದ್ದ ಒಬ್ಬ ಗುರು ಅಸೂಯೆಯಿಂದ ಅಧಿಕಾರಿಗಳಿಗೆ ಲಂಚ ಕೊಟ್ಟು ಅವರನ್ನು ಸಾಯುವಷ್ಟು ಹಿಂಸಿಸಿದ. ಆಮೇಲೆ ಅವರದು ಅಲೆಮಾರಿ ಬದುಕು. 574ರಲ್ಲಿ ಉತ್ತರ ಝೌ ದೊರೆ ವೂ ಬೌದ್ಧ ಧಮ್ಮವನ್ನು ನಿಷೇಧಿಸಿದ. ಆ ದಮನದ ದಿನಗಳಲ್ಲಿ ಹುಯಿಕೆ ಮತ್ತು ಅವರ ಗೆಳೆಯ ಭಿಕ್ಖು ಲಿನ್ ಸೇರಿ ಸೂತ್ರಗಳನ್ನೂ ಮೂರ್ತಿಗಳನ್ನೂ ಕಾಪಾಡಿದರು.

ಹುಯಿಕೆಯ ಕೈ ಕಡಿದವರು ದರೋಡೆಕೋರರು. ಅವರು ಮನಸ್ಸನ್ನು ಹಿಡಿತದಲ್ಲಿಟ್ಟುಕೊಂಡು, ಗಾಯವನ್ನು ಬೆಂಕಿಯಿಂದ ಸುಟ್ಟು ರಕ್ತ ನಿಲ್ಲಿಸಿ, ಬಟ್ಟೆ ಸುತ್ತಿ, ಎಂದಿನಂತೆ ಭಿಕ್ಷೆಗೆ ಹೊರಟರು. ಯಾರಿಗೂ ಹೇಳಲಿಲ್ಲ.

ಮುಂದೆ ಲಿನ್ ಕೈಯನ್ನೂ ದರೋಡೆಕೋರರು ಕಡಿದರು. ಲಿನ್ ರಾತ್ರಿಯೆಲ್ಲ ಚೀರಿದರು. ಹುಯಿಕೆ ಗಾಯ ಕಟ್ಟಿ, ಭಿಕ್ಷೆ ಬೇಡಿ ತಂದು ಉಣಿಸಿದರು. ಆದರೆ ಅವರ ಕೈಕೆಲಸ ತಡವರಿಸುವುದನ್ನು ಕಂಡು ಲಿನ್‌ಗೆ ಸಿಟ್ಟು ಬಂತು. ರೊಟ್ಟಿ ಎದುರಿಗೇ ಇದೆಯಲ್ಲ, ನೀವೇ ಸುತ್ತಿಕೊಳ್ಳಬಾರದೇ ಎಂದು ಹುಯಿಕೆ ಕೇಳಿದರು. ತನಗೆ ಕೈಯಿಲ್ಲವೆಂಬುದು ಗೊತ್ತಿಲ್ಲವೇ ಎಂದು ಲಿನ್ ರೇಗಿದರು. ತನಗೂ ಇಲ್ಲ ಎಂದರು ಹುಯಿಕೆ. ಆಗಲೇ ಲಿನ್‌ಗೆ ಗೊತ್ತಾದದ್ದು.

ಜನ ಲಿನ್‌ರನ್ನು ‘ತೋಳಿಲ್ಲದ ಲಿನ್’ ಎಂದೇ ಕರೆದರಂತೆ. ಆ ಚರಿತ್ರೆಯಲ್ಲಿ ಹುಯಿಕೆಗೆ ಅಂಥ ಅಡ್ಡಹೆಸರಿಲ್ಲ.