ಜಡೆ ಕಟ್ಟಿಕೊಂಡ ಮಿಷನರಿ: ಹಡ್ಸನ್ ಟೇಲರ್

1 ಕೊರಿಂಥ 9ನೇ ಅಧ್ಯಾಯ ತೆಗೆಯಿರಿ. ಜನರನ್ನು ಕ್ರಿಸ್ತನಿಗಾಗಿ ಗೆಲ್ಲೋದಕ್ಕೆ ಪೌಲ ತನ್ನ ಹಕ್ಕುಗಳನ್ನೇ ಬಿಟ್ಟುಕೊಟ್ಟ ಅಂತ ಅಲ್ಲಿ ನೋಡ್ತೀವಿ. ಆ ಮಾತನ್ನು ಅಕ್ಷರಶಃ ಮೈಮೇಲೆ ಹಾಕ್ಕೊಂಡು ಬದುಕಿದ ಒಬ್ಬ ದೇವಸೇವಕನ ಜೀವನವನ್ನು ಇವತ್ತು ಧ್ಯಾನಿಸೋಣ.

ಹಡ್ಸನ್ ಟೇಲರ್ 1832ರಲ್ಲಿ ಇಂಗ್ಲೆಂಡಿನ ಬಾರ್ನ್ಸ್ಲಿಯಲ್ಲಿ ಹುಟ್ಟಿದರು. 17ನೇ ವಯಸ್ಸಲ್ಲಿ ರಕ್ಷಣೆ ಹೊಂದಿ, 1854ರಲ್ಲಿ ಶಾಂಘೈಗೆ ಬಂದಿಳಿದಾಗ ಅವರಿಗೆ ಬರೀ 21 ವರ್ಷ. ಆಗ ಅಫೀಮು ಯುದ್ಧದ ಗಾಯ ಚೀನಾದಲ್ಲಿ ಇನ್ನೂ ಹಸಿಯಾಗಿತ್ತು. ವಿದೇಶಿ ಕೋಟು ಕಂಡರೆ ಜನರಿಗೆ ಯುದ್ಧನೌಕೆ ನೆನಪಾಗುತ್ತಿತ್ತು. ಸುವಾರ್ತೆ ಬಾಯಿಂದ ಹೊರಡೋ ಮೊದಲೇ ಆ ಬಟ್ಟೆ ಮಾತಾಡಿಬಿಡ್ತಿತ್ತು.

1855ರ ಆಗಸ್ಟ್‌ನಲ್ಲಿ ಟೇಲರ್ ತಲೆಯ ಮುಂಭಾಗ ಬೋಳಿಸಿ, ಕೂದಲಿಗೆ ಕಪ್ಪು ಬಣ್ಣ ಹಚ್ಚಿ, ಜಡೆ ಸೇರಿಸಿಕೊಂಡು ಚೀನೀ ಉಡುಪು ಹಾಕಿದರು. ನಕ್ಕವರು ಯಾರು ಗೊತ್ತಾ? ಅವರದೇ ಜನ, ಶಾಂಘೈಯ ಬಿಳಿಯರು! ಸಹ ಮಿಷನರಿಗಳಲ್ಲೇ ಅನೇಕರಿಗೆ ಅದು ನಾಚಿಕೆಯಾಗಿ ಕಾಣಿಸ್ತು. ಆದರೆ ಒಳನಾಡಿನ ಹಳ್ಳಿಗಳಲ್ಲಿ ಓಡಾಡೋದು ಅವರಿಗೆ ಸುಲಭವಾಯ್ತು.

1865ರಲ್ಲಿ ಅವರು ಚೈನಾ ಇನ್‌ಲ್ಯಾಂಡ್ ಮಿಷನ್ ಆರಂಭಿಸಿದರು. ನಿಗದಿತ ಸಂಬಳ ಇಲ್ಲ, ಸಾಲ ಮಾಡೋ ಹಾಗಿಲ್ಲ, ಎಲ್ಲರೂ ಚೀನೀ ಉಡುಪಿನಲ್ಲೇ ಇರಬೇಕು. ಸಭೆಯ ಕಟ್ಟಡವೂ ಚೀನೀ ಶೈಲಿಯದ್ದು, ಪಾಸ್ಟರೂ ಚೀನೀಯರೇ ಆಗಬೇಕು ಅನ್ನೋದು ಅವರ ಆಶೆ. ತಂಡದಲ್ಲೇ ಕೆಲವರು ಇದಕ್ಕೆ ಒಪ್ಪದೆ ಜಗಳವೂ ಆಯ್ತು.

ಇದರಿಂದ ಕಷ್ಟ ತಪ್ಪಿತಾ? ಇಲ್ಲ. 1868ರಲ್ಲಿ ಯಾಂಗ್‌ಝೌನಲ್ಲಿ ಗುಂಪು ಅವರ ಮನೆಗೆ ನುಗ್ಗಿ ಬೆಂಕಿ ಹಚ್ಚಿತು. ಗರ್ಭಿಣಿಯಾಗಿದ್ದ ಪತ್ನಿ ಮರಿಯಾ ಮೇಲಿನ ಕಿಟಕಿಯಿಂದ ಹಾರಬೇಕಾಯ್ತು. ಎರಡೇ ವರ್ಷದಲ್ಲಿ, 1870ರಲ್ಲಿ, ಆಕೆ ಕರ್ತನ ಬಳಿ ಸೇರಿದರು. ಉಡುಪು ಬದಲಾಯಿಸಿದ್ದು ಹಿಂಸೆಯಿಂದ ತಪ್ಪಿಸಿಕೊಳ್ಳೋ ಉಪಾಯ ಆಗಿರಲಿಲ್ಲ ಪ್ರಿಯರೇ, ಅದು ಪ್ರೀತಿ.

ಈಗ ಇದನ್ನು ಗಮನಿಸಿ. 1890ರಲ್ಲಿ ಶಾಂಘೈ ಮಿಷನರಿ ಸಮ್ಮೇಳನದಲ್ಲಿ, ಪೂರ್ವಜರ ಆರಾಧನೆಯನ್ನು ಸಹಿಸಿಕೊಳ್ಳೋಣ ಅನ್ನೋ ವಾದ ಬಂತು. ಜಡೆ ಹಾಕ್ಕೊಂಡಿದ್ದ ಇದೇ ಟೇಲರ್ ಅದನ್ನು ಬಲವಾಗಿ ವಿರೋಧಿಸಿದರು. ಕೂದಲು ಕೊಟ್ಟರು, ಆರಾಧನೆ ಕೊಡಲಿಲ್ಲ. ಆಮೆನ್?

ನಮ್ಮಲ್ಲಿ ಎಷ್ಟೋ ಸಲ ಇದು ಉಲ್ಟಾ ಆಗುತ್ತೆ. ನಮ್ಮ ಹಾಡಿನ ಸ್ಟೈಲು, ನಮ್ಮ ಇಂಗ್ಲಿಷು, ನಮ್ಮ ಸಭೆಯೊಳಗಿನ ಭಾಷೆ ಬಿಡೋದಿಲ್ಲ. ಆಫೀಸಲ್ಲಿ ಮಾತ್ರ ಸತ್ಯವನ್ನು ಸುಲಭವಾಗಿ ಬಿಟ್ಟುಬಿಡ್ತೀವಿ. ಪಿಜಿಯ ರೂಮ್‌ಮೇಟ್ ಸಭೆಗೆ ಬಂದರೆ ಅವನಿಗೆ ಅಡ್ಡವಾಗೋದು ಶಿಲುಬೆಯಾ, ನಮ್ಮ ಅಭ್ಯಾಸವಾ? ಶಿಲುಬೆಯಾದರೆ ಅದು ಅಲ್ಲೇ ಇರಲಿ. ಅಭ್ಯಾಸವಾದರೆ ಪಕ್ಕಕ್ಕಿಡೋಣ.

ಟೇಲರ್ 1905ರಲ್ಲಿ ಚಾಂಗ್‌ಶಾದಲ್ಲಿ ನಿದ್ರೆಹೋದರು. ಆಗ ಅವರ ಮಿಷನ್‌ನಲ್ಲಿ 800ಕ್ಕೂ ಹೆಚ್ಚು ಸೇವಕರಿದ್ದರು. ಮರಿಯಾಳ ಸಮಾಧಿಯ ಬಳಿಯೇ, ಚೀನಾದ ಮಣ್ಣಲ್ಲೇ ಅವರನ್ನು ಹೂಳಿಟ್ಟರು.

ಈ ವಾರ ಒಂದೇ ಪ್ರಾರ್ಥನೆ ಮಾಡೋಣ: ಕರ್ತನೇ, ನಾನು ಏನನ್ನು ಬಿಡಬೇಕು, ಏನನ್ನು ಬಿಡಬಾರದು ಅಂತ ತೋರಿಸು. ದೇವರು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.