ಸೂರ್ಯನಿಂದ ಚಿತ್ರ ಬರೆಸಿದ ನಿಸೆಫೊರ್ ನಿಯೆಪ್ಸ್

ಊರು ಬಿಟ್ಟು ಬಂದು ಎಷ್ಟೇ ವರ್ಷಗಳಾಗಿರಲಿ, ನಮ್ಮಲ್ಲಿ ಬಹುತೇಕರ ಮನೆಯ ಗೋಡೆಯ ಮೇಲೆ ಅಜ್ಜ ಅಜ್ಜಿಯರ ಒಂದು ಹಳೆಯ ಭಾವಚಿತ್ರ ಇದ್ದೇ ಇರುತ್ತದೆ. ಹಬ್ಬದ ದಿನ ಅದಕ್ಕೆ ಹಾರ ಹಾಕಿ ಕೈಮುಗಿಯುತ್ತೇವೆ. ಅದು ಯಾವ ವರ್ಷದ್ದು, ಯಾವ ಸ್ಟುಡಿಯೋದಲ್ಲಿ ತೆಗೆಸಿದ್ದು ಎಂದು ಮಕ್ಕಳು ಕೇಳುವುದುಂಟು. ಆದರೆ ಬೆಳಕನ್ನು ಹಿಡಿದು ನಿಲ್ಲಿಸುವ ಈ ವಿದ್ಯೆಯನ್ನು ಮೊದಲು ಸಾಧಿಸಿದವನು ಯಾರು ಎಂದು ಕೇಳುವವರು ವಿರಳ. ಕೇಳಿದರೂ ದೊರೆಯುವ ಉತ್ತರ ಬಹುಮಟ್ಟಿಗೆ ಡಾಗೇರ್ ಎಂಬ ಹೆಸರೇ. ಆ ಹೆಸರಿನ ನೆರಳಿನಲ್ಲಿ ಬಹುಕಾಲ ಮರೆಯಾಗಿದ್ದ ಜೋಸೆಫ್ ನಿಸೆಫೊರ್ ನಿಯೆಪ್ಸ್ ಎಂಬ ಫ್ರೆಂಚ್ ಗೃಹಸ್ಥನ ಬಾಳು ಸ್ಮರಣೆಗೆ ಯೋಗ್ಯವಾದುದು.

ನಿಯೆಪ್ಸ್ ಜನಿಸಿದ್ದು 1765ರ ಮಾರ್ಚ್ 7ರಂದು, ಫ್ರಾನ್ಸ್ ದೇಶದ ಸೋನ್ ನದಿಯ ದಂಡೆಯಲ್ಲಿರುವ ಶಾಲೋನ್ ಪಟ್ಟಣದಲ್ಲಿ. ತಂದೆ ಸ್ಥಿತಿವಂತ ವಕೀಲ. ಮನೆತನಕ್ಕೆ ಜಮೀನು, ದ್ರಾಕ್ಷಿತೋಟ, ಮನೆಗಳಿದ್ದವು. ಶಿಕ್ಷಣ ಮುಗಿಸಿ ಕೆಲಕಾಲ ಅಧ್ಯಾಪಕನಾಗಿದ್ದ ಈತ ಫ್ರೆಂಚ್ ಕ್ರಾಂತಿಯ ಬಿರುಗಾಳಿಯಲ್ಲಿ ಸೈನ್ಯವನ್ನು ಸೇರಿದ. ಅನಾರೋಗ್ಯ ಅವನನ್ನು ಆ ವೃತ್ತಿಯಿಂದ ಹಿಂದಿರುಗಿಸಿತು. ಮದುವೆಯಾಗಿ, ಸ್ವಲ್ಪಕಾಲ ನೀಸ್ ಜಿಲ್ಲೆಯ ಆಡಳಿತಾಧಿಕಾರಿಯಾಗಿ ದುಡಿದು, 1795ರಲ್ಲಿ ಆ ಹುದ್ದೆಯನ್ನೂ ತೊರೆದ. ಅಣ್ಣ ಕ್ಲೋಡ್‌ನೊಡನೆ ಕೂಡಿ ಸಂಶೋಧನೆಗೆ ತೊಡಗುವುದು ಅವನ ಸಂಕಲ್ಪವಾಗಿತ್ತು.

ಈ ಸೋದರರ ಮೊದಲ ಸಾಧನೆಗೂ ಛಾಯಾಚಿತ್ರಕ್ಕೂ ಸಂಬಂಧವಿಲ್ಲ. ಪುಡಿಮಾಡಿದ ಇಂಧನವನ್ನು ಯಂತ್ರದ ಒಡಲಲ್ಲಿಯೇ ಸಿಡಿಸಿ ದೋಣಿಯನ್ನು ನಡೆಸುವ ಒಂದು ಎಂಜಿನ್ ಅವರು ನಿರ್ಮಿಸಿದರು. 1807ರಲ್ಲಿ ಅದಕ್ಕೆ ನೆಪೋಲಿಯನ್ನನ ಸರ್ಕಾರದಿಂದ ಹತ್ತು ವರ್ಷಗಳ ಪೇಟೆಂಟ್ ದೊರೆಯಿತು. ಅಂತರ್ದಹನ ಎಂಜಿನ್‌ಗಳ ಚರಿತ್ರೆಯಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಆದರೆ ಕೊಳ್ಳುವವರು ಬರಲಿಲ್ಲ. ಪೇಟೆಂಟಿನ ಅವಧಿ ತೀರುತ್ತ ಬಂದಾಗ ಅಣ್ಣನು ಗಿರಾಕಿಗಳನ್ನು ಅರಸಿ ಮೊದಲು ಪ್ಯಾರಿಸ್ಸಿಗೂ ಅನಂತರ ಇಂಗ್ಲೆಂಡಿಗೂ ತೆರಳಿದ. ತಮ್ಮನು ಸೆಂ-ಲೂ ಗ್ರಾಮದ ತೋಟದ ಮನೆಯಲ್ಲಿ ಉಳಿದ. ಅಣ್ಣನ ಖರ್ಚಿಗಾಗಿ ಮನೆತನದ ಆಸ್ತಿ ತುಂಡುತುಂಡಾಗಿ ಕರಗತೊಡಗಿತು.

ಆ ಕಾಲದಲ್ಲಿ ಕಲ್ಲಚ್ಚಿನ ಮುದ್ರಣ ಯುರೋಪಿನಲ್ಲಿ ಹೊಸ ಕೌತುಕವಾಗಿತ್ತು. ನಿಯೆಪ್ಸನಿಗೆ ಅದರಲ್ಲಿ ಆಸಕ್ತಿ ಮೂಡಿತಾದರೂ ಚಿತ್ರ ಬರೆಯುವ ಕೈ ಅವನಿಗಿರಲಿಲ್ಲ. ಮಗ ಇಸಿಡೋರ್ ಬರೆದುಕೊಡುತ್ತಿದ್ದ. ಅವನು ಸೈನ್ಯಕ್ಕೆ ಸೇರಿದ ಮೇಲೆ ಆ ನೆರವೂ ತಪ್ಪಿತು. ಕೈಗೆ ಬಾರದ ಚಿತ್ರವನ್ನು ಬೆಳಕಿನಿಂದಲೇ ಏಕೆ ಬರೆಸಬಾರದು ಎಂಬ ಆಲೋಚನೆ ಅವನ ಮನಸ್ಸಿನಲ್ಲಿ ಬೇರೂರಿತು.

ಕತ್ತಲ ಪೆಟ್ಟಿಗೆಯ ಒಂದು ಬದಿಯಲ್ಲಿ ಮಸೂರವನ್ನಿಟ್ಟರೆ ಹೊರಗಿನ ದೃಶ್ಯ ಒಳಗೆ ತಲೆಕೆಳಗಾಗಿ ಮೂಡುವುದೆಂಬ ಸಂಗತಿ ಚಿತ್ರಕಾರರಿಗೆ ಶತಮಾನಗಳಿಂದಲೂ ತಿಳಿದಿತ್ತು. ಬೆಳ್ಳಿಯ ಲವಣಗಳು ಬೆಳಕಿಗೆ ಕಪ್ಪಾಗುವುದೂ ತಿಳಿದ ವಿಷಯವೇ. ಮೂಡಿದ ಚಿತ್ರವನ್ನು ಉಳಿಸಿಕೊಳ್ಳುವ ಬಗೆ ಮಾತ್ರ ಯಾರಿಗೂ ತಿಳಿದಿರಲಿಲ್ಲ. 1816ರಲ್ಲಿ ನಿಯೆಪ್ಸ್ ಸಿಲ್ವರ್ ಕ್ಲೋರೈಡ್ ಲೇಪಿಸಿದ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಕಿಟಕಿಯಾಚೆಯ ನೋಟವನ್ನು ಪಡೆದ. ಆದರೆ ಬೆಳಕಿದ್ದಲ್ಲಿ ಕಪ್ಪು, ನೆರಳಿದ್ದಲ್ಲಿ ಬಿಳುಪು ಬಂದಿತು. ಆ ಚಿತ್ರವೂ ಹೊರಗಿನ ಬೆಳಕು ತಾಗುತ್ತಲೇ ಕಪ್ಪಿಟ್ಟು ಅಳಿಯುತ್ತಿತ್ತು.

ಇದಕ್ಕೆ ಪರಿಹಾರ ದೊರೆತದ್ದು ಬಿಟುಮೆನ್ ಎಂಬ, ಡಾಂಬರಿನ ಜಾತಿಯ ಕಪ್ಪು ಪದಾರ್ಥದಲ್ಲಿ. ಅದಕ್ಕೊಂದು ವಿಶೇಷ ಗುಣವಿದೆ: ಬಿಸಿಲು ಬಿದ್ದಲ್ಲಿ ಅದು ಗಟ್ಟಿಯಾಗಿ ಸುಲಭವಾಗಿ ಕರಗದಂತಾಗುತ್ತದೆ. ನಿಯೆಪ್ಸ್ ಅದನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ಕರಗಿಸಿ ಲೋಹದ ಅಥವಾ ಗಾಜಿನ ಫಲಕಕ್ಕೆ ತೆಳುವಾಗಿ ಬಳಿದ. ಬಿಸಿಲಿಗೊಡ್ಡಿದ ಮೇಲೆ ಅದೇ ಎಣ್ಣೆಯ ಮಿಶ್ರಣದಿಂದ ತೊಳೆದಾಗ ನೆರಳಿದ್ದ ಭಾಗ ಮಾತ್ರ ಕರಗಿ ಹೋಯಿತು, ಬೆಳಕು ಬಿದ್ದ ಭಾಗ ಫಲಕದ ಮೇಲೆ ನಿಂತಿತು. 1822ರಲ್ಲಿ ಒಂದು ಮುದ್ರಿತ ಚಿತ್ರವನ್ನು ಗಾಜಿನ ಮೇಲೆ ಹೀಗೆ ನಕಲು ಮಾಡಿದ. ತನ್ನ ವಿಧಾನಕ್ಕೆ ಆತ ಹೀಲಿಯೊಗ್ರಫಿ ಎಂಬ ಹೆಸರನ್ನು ಕೊಟ್ಟ. ಗ್ರೀಕ್ ಮೂಲದ ಆ ಪದಕ್ಕೆ ಸೂರ್ಯನ ಬರವಣಿಗೆ ಎಂದು ಅರ್ಥ.

1826 ಅಥವಾ 1827ರಲ್ಲಿ ತೋಟದ ಮನೆಯ ಮಹಡಿಯ ಕಿಟಕಿಯಲ್ಲಿ ಪೆಟ್ಟಿಗೆಯನ್ನಿರಿಸಿ, ತವರ ಪ್ರಧಾನವಾದ ಮಿಶ್ರಲೋಹದ ಒಂದು ಫಲಕದ ಮೇಲೆ ಆತ ಸೆರೆಹಿಡಿದ ನೋಟವು ಕ್ಯಾಮೆರಾದಿಂದ ತೆಗೆದ ಚಿತ್ರಗಳಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು. ಫಲಕದ ಅಳತೆ ಸುಮಾರು 16 ಸೆಂಟಿಮೀಟರ್‌ಗೆ 20 ಸೆಂಟಿಮೀಟರ್. ಅದರಲ್ಲಿ ಮನೆಯ ಮಾಡುಗಳು, ಒಂದು ಮರ, ದೂರದ ದಿಗಂತ ಮಸುಕಾಗಿ ಕಾಣುತ್ತವೆ. ಕಟ್ಟಡಗಳ ಎರಡು ಪಕ್ಕಗಳ ಮೇಲೂ ಬಿಸಿಲು ಬಿದ್ದಿದೆ; ಏಕೆಂದರೆ ಚಿತ್ರ ಮೂಡುವಷ್ಟರಲ್ಲಿ ಸೂರ್ಯನು ಪೂರ್ವದಿಂದ ಪಶ್ಚಿಮಕ್ಕೆ ಸಾಗಿದ್ದನು. ಎಂಟು ಗಂಟೆಗಳ ಬಿಸಿಲು ಬೇಕಾಯಿತೆಂದು ಬಹುಕಾಲ ಹೇಳಲಾಗುತ್ತಿತ್ತು. ಹಲವು ದಿನಗಳೇ ಹಿಡಿದಿರಬೇಕೆಂಬುದು ಅದೇ ವಿಧಾನವನ್ನು ಮತ್ತೆ ಮಾಡಿ ನೋಡಿದವರ ಅಭಿಪ್ರಾಯ.

1827ರಲ್ಲಿ ಅಣ್ಣನ ಕಾಯಿಲೆಯ ಸುದ್ದಿ ಕೇಳಿ ನಿಯೆಪ್ಸ್ ಲಂಡನ್ ಸಮೀಪದ ಕ್ಯೂ ಗ್ರಾಮಕ್ಕೆ ಧಾವಿಸಿದ. ಕ್ಲೋಡ್‌ನ ಬುದ್ಧಿ ಸ್ಥಿಮಿತ ತಪ್ಪಿತ್ತು. ಮನೆತನದ ಹಣವೆಲ್ಲ ನಿಲ್ಲದೆ ತಿರುಗುವ ಯಂತ್ರವೊಂದರ ಭ್ರಮೆಯಲ್ಲಿ ಕರಗಿತ್ತು. ಸಸ್ಯಚಿತ್ರಕಾರ ಫ್ರಾನ್ಸಿಸ್ ಬಾಯರ್ ಎಂಬ ಸಹೃದಯನ ಪ್ರೋತ್ಸಾಹದಿಂದ ನಿಯೆಪ್ಸ್ ತನ್ನ ಕಾರ್ಯವನ್ನು ಅಲ್ಲಿನ ರಾಯಲ್ ಸೊಸೈಟಿಯ ಮುಂದಿಡಲು ಯತ್ನಿಸಿದ. ವಿಧಾನದ ಗುಟ್ಟನ್ನು ಬಿಟ್ಟುಕೊಡಲು ಅವನು ಒಪ್ಪಲಿಲ್ಲವಾದ್ದರಿಂದ ಸಂಸ್ಥೆಯೂ ಅದನ್ನು ಸ್ವೀಕರಿಸಲಿಲ್ಲ. ಫಲಕಗಳನ್ನು ಬಾಯರ್‌ನ ಕೈಯಲ್ಲಿಟ್ಟು ಅವನು ಬರಿಗೈಯಲ್ಲಿ ಮರಳಿದ. 1828ರಲ್ಲಿ ಅಣ್ಣ ತೀರಿಕೊಂಡ.

ಪ್ಯಾರಿಸ್ಸಿನಲ್ಲಿ ಡಯೋರಮಾ ಎಂಬ ದೃಶ್ಯಪ್ರದರ್ಶನ ನಡೆಸುತ್ತಿದ್ದ ಚಿತ್ರಕಾರ ಲೂಯಿ ಡಾಗೇರ್‌ನಿಗೂ ಇದೇ ಹಂಬಲವಿತ್ತು. 1829ರ ಡಿಸೆಂಬರ್ 14ರಂದು ಇಬ್ಬರೂ ಹತ್ತು ವರ್ಷಗಳ ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕಿದರು. ವೃತ್ತಿಯಿಂದ ಬ್ಯಾಂಕ್ ನೌಕರನಾದ ನಾನು ಇಂತಹ ಪತ್ರಗಳನ್ನು ಸಾಕಷ್ಟು ಓದಿದ್ದೇನೆ. ಪಾಲುದಾರರಲ್ಲಿ ಒಬ್ಬರು ಕಾಲವಾದಾಗಲೇ ಪತ್ರದ ಬಲಾಬಲಗಳು ಬೆಳಕಿಗೆ ಬರುತ್ತವೆ. ಇಲ್ಲಿಯೂ ಹಾಗೆಯೇ ಆಯಿತು. 1833ರ ಜುಲೈ 5ರಂದು ನಿಯೆಪ್ಸ್ ಹಠಾತ್ತನೆ ನಿಧನ ಹೊಂದಿದ. ಆಸ್ತಿ ಕರಗಿಹೋಗಿತ್ತು, ಹೆಸರು ಬಂದಿರಲಿಲ್ಲ.

ಡಾಗೇರ್ ಸುಮ್ಮನೆ ಕುಳಿತಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಅಯೋಡಿನ್ ಸೋಕಿಸಿದ ಬೆಳ್ಳಿಯ ತಗಡಿನ ಮೇಲೆ ಪಾದರಸದ ಆವಿಯಿಂದ ಚಿತ್ರವನ್ನು ಹೊರತರುವ ಬಗೆಯನ್ನು ಅವನು ಕಂಡುಹಿಡಿದ. ದಿನಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಬಡತನದಲ್ಲಿದ್ದ ಇಸಿಡೋರ್ ತಂದೆಯ ಸ್ಥಾನದಲ್ಲಿ ಪಾಲುದಾರನಾದರೂ, ಹೊಸ ವಿಧಾನಕ್ಕೆ ಡಾಗೇರ್‌ನ ಹೆಸರೊಂದೇ ಇರತಕ್ಕದ್ದೆಂಬ ತಿದ್ದುಪಡಿಗೆ ಒಪ್ಪಬೇಕಾಯಿತು. 1839ರಲ್ಲಿ ಫ್ರೆಂಚ್ ಸರ್ಕಾರ ಈ ವಿದ್ಯೆಯನ್ನು ಪಡೆದು ಲೋಕಕ್ಕೆ ಬಹಿರಂಗಪಡಿಸಿತು. ವಾರ್ಷಿಕ ವಿಶ್ರಾಂತಿ ವೇತನವಾಗಿ ಡಾಗೇರ್‌ನಿಗೆ 6000 ಫ್ರಾಂಕ್, ಇಸಿಡೋರ್‌ನಿಗೆ 4000 ಫ್ರಾಂಕ್ ನಿಗದಿಯಾಯಿತು. ಮುಂದೆ ಐಫೆಲ್ ಗೋಪುರದ ಮೇಲೆ ಕೆತ್ತಲಾದ 72 ಹೆಸರುಗಳಲ್ಲಿ ಡಾಗೇರ್ ಇದ್ದಾನೆ, ನಿಯೆಪ್ಸ್ ಇಲ್ಲ.

ಅವನಿಟ್ಟ ಹೆಸರಿಗೂ ವಿಚಿತ್ರ ಗತಿ ಒದಗಿತು. ಚಿತ್ರವಿದ್ಯೆಗೆ ಫೋಟೊಗ್ರಫಿ ಎಂಬ ಬೇರೆಯೇ ಹೆಸರು ನಿಂತಿತು. 1869ರಲ್ಲಿ ನಮ್ಮದೇ ಉಪಖಂಡದ ಕರಾಚಿಯಲ್ಲಿ, ಪರ್ಷಿಯನ್ ಕೊಲ್ಲಿಯ ತಂತಿ ಇಲಾಖೆಯ ಹೆನ್ರಿ ಮ್ಯಾನ್ಸ್ ಎಂಬ ಎಂಜಿನಿಯರ್ ಕನ್ನಡಿಯಿಂದ ಸೂರ್ಯರಶ್ಮಿಯನ್ನು ದೂರಕ್ಕೆ ಮಿನುಗಿಸಿ ಮಾರ್ಸ್ ಸಂಕೇತದಲ್ಲಿ ಸುದ್ದಿ ಕಳುಹಿಸುವ ಉಪಕರಣವೊಂದನ್ನು ರಚಿಸಿದ. ಹೀಲಿಯೊಗ್ರಾಫ್ ಎಂಬುದು ಅದಕ್ಕೆ ರೂಢಿಯಾದ ಹೆಸರು. ತಂತಿ, ಕಂಬಗಳ ಹಂಗಿಲ್ಲದ ಆ ಕನ್ನಡಿ ವಾಯವ್ಯ ಗಡಿಯ ಬೆಟ್ಟಗಳಲ್ಲಿ ಬ್ರಿಟಿಷ್ ಭಾರತದ ಸೈನ್ಯಕ್ಕೆ ಬಹಳ ಉಪಯೋಗಕ್ಕೆ ಬಂದಿತು. ಒಂದೇ ಅರ್ಥದ ಎರಡು ಕಾರ್ಯಗಳು: ಒಂದು ಬರೆದೊಡನೆ ಮಾಯವಾಗುವ ಸೂರ್ಯಲಿಪಿ, ಇನ್ನೊಂದು ಅಳಿಯದೆ ನಿಂತ ಸೂರ್ಯಲಿಪಿ.

ಅಳಿಯದೆ ನಿಂತುದೇ ಕೊನೆಗೆ ಸಾಕ್ಷಿ ನುಡಿಯಿತು. ಬಾಯರ್‌ನ ಕೈಸೇರಿದ್ದ ಆ ಕಿಟಕಿಯ ನೋಟ ಹಲವರ ಕೈದಾಟಿ ಕಣ್ಮರೆಯಾಗಿತ್ತು. 1952ರಲ್ಲಿ ಚರಿತ್ರಕಾರ ಹೆಲ್ಮುಟ್ ಗರ್ನ್‌ಶೈಮ್ ಪಟ್ಟುಹಿಡಿದು ಹುಡುಕಿದಾಗ ಅದು ಒಂದು ಹಳೆಯ ಪೆಟ್ಟಿಗೆಯಲ್ಲಿ ದೊರೆಯಿತು. 1963ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಗ್ರಹಕ್ಕೆ ಸೇರಿತು. ನಿಯೆಪ್ಸ್ ತೀರಿಕೊಂಡು ಆಗ 130 ವರ್ಷಗಳಾಗಿದ್ದವು.

ಗುಟ್ಟನ್ನು ಕಾಯ್ದುಕೊಳ್ಳಲು ಹೋಗಿ ಕೀರ್ತಿಯನ್ನು ಕಳೆದುಕೊಂಡದ್ದು ಅವನ ದೌರ್ಭಾಗ್ಯ. ಆದರೆ ಕೆಲಸ ಗಟ್ಟಿಯಾಗಿತ್ತು. ಮಾಡಿದವನ ಹೆಸರನ್ನು ತಡವಾಗಿಯಾದರೂ ಅದು ಮರಳಿ ತಂದಿತು. ಮುಂದಿನ ಬಾರಿ ಗೋಡೆಯ ಮೇಲಿನ ಹಿರಿಯರ ಭಾವಚಿತ್ರದ ಧೂಳು ಒರೆಸುವಾಗ, ದಿನವಿಡೀ ಸೂರ್ಯನಿಗಾಗಿ ಕಾದು ಕುಳಿತ ಆ ಹಿರಿಯನನ್ನೂ ಒಂದು ಕ್ಷಣ ನೆನೆಯೋಣ.